ಬಸಿಲಿಸಾಳ ಮನೆಯವರು ಉತ್ತರಿಸದ ಪ್ರಶ್ನೆ

ನಮ್ಮ ದ್ವೀಪದ ತಲಿಸಾಯೋನ್ ಊರಿನ ಆರೋಗ್ಯ ಕೇಂದ್ರದ ಹೆರಿಗೆ ನರ್ಸ್ ಬಸಿಲಿಸಾ ಸುಮ್ಮನೆ ಕುಳಿತದ್ದನ್ನು ಕಂಡವರು ವಿರಳ. ಗುರುಗಳು ಬಾರದ ಭಾನುವಾರಗಳಲ್ಲಿ ನಮ್ಮ ಪ್ರಾರ್ಥನಾಲಯದಲ್ಲಿ ಜನರನ್ನು ಕೂಡಿಸಿ ನಾಲ್ಕು ಮಾತು ಹೇಳುವ ಹೊಣೆ ನನ್ನದು. ನನ್ನ ಮಾತು ತುಸು ಉದ್ದವಾಯಿತೆಂದರೆ ಅವಳು ಹಿಂದಿನ ಬೆಂಚಿನಿಂದ ಎದ್ದು ಕಿಟಕಿಯ ಕೊಂಡಿ ತೆಗೆದು ಹಾಕುವಳು, ಆರಿದ ಮೇಣದಬತ್ತಿಗಳ ಮೇಣವನ್ನು ಉಗುರಿನಿಂದ ಕೆರೆಯುವಳು, ಯಾರದೋ ಅಳುವ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ನಡೆಯುವಳು. ಅದು ಭಕ್ತಿಯ ಕೊರತೆಯೆಂದು ನಾನೆಂದೂ ಭಾವಿಸಲಿಲ್ಲ. ಕೆಲವರನ್ನು ದೇವರು ದೀಪದಂತೆ ಒಂದೆಡೆ ಇಡುತ್ತಾನೆ, ಕೆಲವರನ್ನು ಗಾಳಿಯಂತೆ ಬಿಡುತ್ತಾನೆ.

ಅವಳಿಗೆ ಹದಿನೇಳು ನಡೆಯುತ್ತಿದ್ದಾಗ ಅವಳ ತಂದೆಯ ದೋಣಿ ಕಡಲಿನಿಂದ ಮರಳಲಿಲ್ಲ. ದೇಹವೂ ಸಿಗಲಿಲ್ಲ. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಉಳಿದವನು ಹಾಲುಹಲ್ಲು ಬೀಳದ ತಮ್ಮ ಪನ್ಫಿಲೊ. ಅವನನ್ನು ಸಾಕಿ, ತಾನೂ ಓದಿ, ಅವನನ್ನು ಹಡಗಿನ ಅಡುಗೆಯ ಕೆಲಸಕ್ಕೆ ಸೇರಿಸಿ, ಅವನಿಗೆ ಸಲೋಮೆ ಎಂಬ ಒಳ್ಳೆಯ ಹುಡುಗಿಯನ್ನು ತಂದು ಮದುವೆ ಮಾಡಿದಳು. ತಾನು ಮದುವೆಯಾಗಲಿಲ್ಲ. ಆಗದಿದ್ದುದಕ್ಕೆ ಪುರಸೊತ್ತು ಸಿಗಲಿಲ್ಲ ಎನ್ನುವುದನ್ನು ಬಿಟ್ಟು ಬೇರೆ ಕಾರಣ ಅವಳು ಹೇಳಿದ್ದನ್ನು ನಾನು ಕೇಳಿಲ್ಲ.

ನಲವತ್ತೇಳರ ವಯಸ್ಸಿನಲ್ಲಿ ಅವಳು ಪಾಪುವಾ ನ್ಯೂಗಿನಿಯ ಬೆಟ್ಟದ ಮೇಲಿನ ಒಂದು ಸಣ್ಣ ಆಸ್ಪತ್ರೆಗೆ ಮೂರು ವರ್ಷಗಳ ಸೇವೆಗೆ ಹೋಗುವುದಾಗಿ ಹೆಸರು ಕೊಟ್ಟಳು. ಸಂಬಳವಿಲ್ಲ, ಸಿಗುವುದು ಊಟ, ವಸತಿ, ದೇವರ ದಯೆ. ಅಲ್ಲಿ ಹೆರಿಗೆ ನೋಡುವವರಿಲ್ಲದೆ ಹೆಂಗಸರು ಸಾಯುತ್ತಾರೆಂದು ನಮ್ಮ ಧರ್ಮಪ್ರಾಂತ್ಯದಿಂದ ಸೇವಕರನ್ನು ಕಳುಹಿಸುವ ಸಿಸ್ಟರ್ ಎಮೆರಿತಾ ಬಂದು ಹೇಳಿದ್ದರು. ಸಿಸ್ಟರ್ ಸ್ವತಃ ಆ ಬೆಟ್ಟದಲ್ಲಿ ಬಹುಕಾಲ ಇದ್ದು ಬಂದವರು. ಸಭೆ ಮುಗಿಯುವ ಮೊದಲೇ ಬಸಿಲಿಸಾ ಎದ್ದು ನಿಂತಿದ್ದಳು.

ಮೊದಮೊದಲು ಸಿದ್ಧತೆ ಹಬ್ಬದಂತೆಯೇ ನಡೆಯಿತು. ಚುಚ್ಚುಮದ್ದು ಹಾಕಿಸಿಕೊಂಡು ಊದಿದ ತೋಳನ್ನು ಗರ್ಭಿಣಿಯರಿಗೆ ತೋರಿಸಿ, "ನೋಡ್ರೇ, ನಿಮಗೆ ಚುಚ್ಚಿದ ಪಾಪವೆಲ್ಲಾ ಈಗ ನನಗೆ ವಾಪಸ್ ಬರ್ತಾ ಇದೆ" ಎಂದು ನಗಿಸಿದಳು. ಅಲ್ಲಿ ದಂತವೈದ್ಯರಿಲ್ಲವೆಂದು ಹುಳುಕು ಹಲ್ಲುಗಳನ್ನು ಕೀಳಿಸಿದಳು. ಎದೆಯ ಎಕ್ಸ್-ರೇ ಚಿತ್ರ ಶುಭ್ರವಾಗಿ ಬಂತು. ಕೊನೆಗೆ ಇಲೊಯಿಲೊ ನಗರದ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಮತ್ತೊಮ್ಮೆ ತುಂಬಿದರು. ಇನ್ನೊಂದು ತೋಳಿಗೆ ಸುತ್ತಿದರು.

"ಯಾವಾಗಿಂದ ಹೀಗಿದೆ?"

"ಬಸ್ಸಿನಲ್ಲಿ ನಿದ್ದೆ ಇರ್ಲಿಲ್ಲ ಡಾಕ್ಟ್ರೇ, ಅದಕ್ಕೇ ಇರ್ಬೇಕು."

"ನೀವೂ ನರ್ಸೇ. ನಿಮ್ಮ ಹತ್ರ ಬಂದೋರು ಹೀಗೆ ಹೇಳಿದ್ರೆ ನಂಬ್ತೀರಾ?"

ಡಾಕ್ಟರಮ್ಮ ಬಿಡಿಸಿ ಹೇಳಿದರು. ಎರಡು ವಾರ ಬಿಟ್ಟು ಬರಬೇಕು. ಮಾತ್ರೆಯಿಲ್ಲದೆ ರಕ್ತದೊತ್ತಡ ತಾನಾಗಿ ಇಳಿದಿದ್ದರೆ ಒಪ್ಪಿಗೆ. ಇಳಿಯದಿದ್ದರೆ ಮಾತ್ರೆ ಆರಂಭಿಸಿ ಕೆಲವು ತಿಂಗಳು ನೋಡಬೇಕು. ಆ ಬೆಟ್ಟದಿಂದ ದೊಡ್ಡ ಆಸ್ಪತ್ರೆಗೆ ಬರಲು ಇರುವುದು ಒಂದು ಪುಟ್ಟ ವಿಮಾನ, ಮೋಡ ಕವಿದರೆ ಅದೂ ಹಾರುವುದಿಲ್ಲ. ತಂಡವಾದರೋ ಜೂನ್ ತಿಂಗಳಲ್ಲೇ ಹೊರಡುವುದಿತ್ತು.

ಈ ಸುದ್ದಿ ಅವಳು ಬಸ್ಸಿಳಿಯುವ ಮೊದಲೇ ಊರು ಸೇರಿತ್ತು. ನಮ್ಮ ಊರಿನಲ್ಲಿ ಹಡಗಿಗೆ ಗಂಡುಮಗನನ್ನು ಕಳುಹಿಸದ ಮನೆಯೇ ಇಲ್ಲ. 'ಮೆಡಿಕಲ್' ಎಂಬ ಮಾತು ಕೇಳಿದರೆ ಇಲ್ಲಿ ಮುದುಕಿಯರ ಎದೆಯೂ ಹಾರುತ್ತದೆ, ಏಕೆಂದರೆ ಆ ಪರೀಕ್ಷೆಯಲ್ಲಿ ಅನರ್ಹನೆಂದು ಬಂದವನ ಮನೆಯಲ್ಲಿ ಅನ್ನದ ಪಾತ್ರೆ ಚಿಕ್ಕದಾಗುತ್ತದೆ. ಆದುದರಿಂದ ವೈದ್ಯನೆಂದರೆ ಗುಣಪಡಿಸುವವನಲ್ಲ, ದಾರಿಗೆ ಅಡ್ಡ ನಿಂತ ಕಾವಲುಗಾರ. ಅವನ ಕಣ್ಣು ತಪ್ಪಿಸಿ ನುಸುಳುವುದೇ ಜಾಣತನ ಎಂದು ನಮ್ಮ ಮಕ್ಕಳು ಮೀಸೆ ಮೂಡುವ ಮೊದಲೇ ಕಲಿಯುತ್ತಾರೆ. ಉಪಾಯಗಳು ಹಿತ್ತಲಿನ ಸೊಪ್ಪಿನಂತೆ ಮನೆಮನೆಯಲ್ಲೂ ಬೆಳೆದಿವೆ. ಒಬ್ಬಳು ರಾಮಫಲದ ಜಾತಿಯ ಮುಳ್ಳುಹಣ್ಣಿನ ಎಲೆ ಕುದಿಸಿ ತಂದಳು, ಇನ್ನೊಬ್ಬಳು ಎಳನೀರು, ಮೂರನೆಯವಳು ಹಸಿ ಬೆಳ್ಳುಳ್ಳಿ.

ಎಲ್ಲರನ್ನೂ ಸರಿಸಿ ಪನ್ಫಿಲೊ ಮುಂದೆ ಬಂದ. ರಜೆಯಲ್ಲಿ ಮನೆಗೆ ಬಂದಿದ್ದ.

"ಮನಾಂಗ್," ಎಂದ. ಅಕ್ಕನನ್ನು ನಾವು ಹಾಗೆ ಕರೆಯುತ್ತೇವೆ. "ಮೆಡಿಕಲ್ ವಿಷಯ ನಂಗೆ ಬಿಡು. ನಾನು ಎಷ್ಟು ಸಲ ದಾಟಿದೀನಿ ಅಂತ ನಿಂಗೇ ಗೊತ್ತಲ್ಲ."

"ನೀನು ಹುಡುಗ. ನಂದು ಮುದಿ ರಕ್ತ."

"ರಕ್ತಕ್ಕೆ ವಯಸ್ಸು ಕೇಳೋರು ಯಾರು? ಹಿಂದಿನ ದಿನದಿಂದ ಒಣಮೀನು ಮುಟ್ಟಬೇಡ, ಉಪ್ಪುಮೀನಿನ ಗಿನಮೋಸ್ ಡಬ್ಬಿ ಮುಚ್ಚಳಾನೂ ತೆಗೀಬೇಡ. ಬೆಳಿಗ್ಗೆ ಸಲೋಮೆಯ ಅಮ್ಮನ ಬಿಪಿ ಮಾತ್ರೆ ಎರಡು ನುಂಗು. ತಣ್ಣಗಿರೋ ಕೋಣೇಲಿ ಕೂತ್ಕೋ. ಮನೇಲಿ ಯಾರಿಗಾದ್ರೂ ಬಿಪಿ ಇತ್ತಾ ಅಂತ ಕೇಳಿದ್ರೆ, ನಮ್ಮಪ್ಪ ಎತ್ತಿನ ಹಾಗಿದ್ದ ಅನ್ನು."

"ಅಪ್ಪನ ಬಿಪಿ ಯಾರು ನೋಡಿದ್ರು?"

"ಯಾರೂ ನೋಡಿಲ್ಲ ಅಂದ್ಮೇಲೆ ಇರ್ಲಿಲ್ಲ ಅಂತಾನೇ ಅರ್ಥ."

ಮಾತ್ರೆ ತಪ್ಪಿಸಿದ ಬಸುರಿಯರನ್ನು ಬೀದಿಯಲ್ಲಿ ನಿಲ್ಲಿಸಿ ಗದರುತ್ತಿದ್ದ ಹೆಂಗಸು ಅವಳು. ಆದರೂ ಪರರ ಮಾತ್ರೆ ಎರಡನ್ನು ನುಂಗಿ ನಗರಕ್ಕೆ ಹೋದಳು. ಹೊರಡಬೇಕೆಂಬ ತವಕ ಅವಳನ್ನು ಅಷ್ಟು ಆವರಿಸಿತ್ತು. ಡಾಕ್ಟರಮ್ಮ ಗಾಳಿ ತುಂಬಿದರು, ಬಿಟ್ಟರು, ತಲೆದೂಗಿ ಸಹಿ ಹಾಕಿದರು. ಮರಳುವಾಗ ಬಸ್ಸಿನಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟು, ಪಕ್ಕದವಳ ಕೋಳಿಬುಟ್ಟಿಯ ಮೇಲೆ ತಲೆಯಾನಿಸಿ ಬಂದಳೆಂಬುದು ಆಗ ನನಗೆ ತಿಳಿದಿರಲಿಲ್ಲ. ನಮಗೆ ತಿಳಿದದ್ದು ಗೆದ್ದಳು ಎಂಬುದಷ್ಟೇ. ಪನ್ಫಿಲೊ ಹಂದಿ ಕಡಿಸಿ ಬೀಳ್ಕೊಡುಗೆಯ ಊಟ ಹಾಕಿದ. ಹಾಡಿದೆವು, ಕುಣಿದೆವು, ಮುದುಕನಾದ ನಾನೂ ಆಶೀರ್ವಾದದ ಮಾತು ಹೇಳಿದೆ.

ಇನ್ನು ಉಳಿದದ್ದು ಸಿಸ್ಟರ್ ಎಮೆರಿತಾ ಅವರ ಮನೆಭೇಟಿ. ಹೊರಡುವ ಪ್ರತಿಯೊಬ್ಬರ ಮನೆಗೂ ಅವರು ಬರುತ್ತಾರೆ, ಮನೆಯವರ ಬಾಯಿಂದ ಒಂದು ಉತ್ತರ ಕೇಳಿಕೊಂಡು ಹೋಗುತ್ತಾರೆ. ಆ ಉತ್ತರವಿಲ್ಲದೆ ಯಾರನ್ನೂ ಕಳುಹಿಸುವುದಿಲ್ಲ. ಪ್ರಾರ್ಥನಾಲಯದ ಹಿರಿಯನೆಂದು ನನ್ನನ್ನೂ ಕರೆದಿದ್ದರು. ಮಧ್ಯಾಹ್ನದ ಹೊತ್ತು, ಮೇಜಿನ ಮೇಲೆ ತಾಳೆಗರಿಯಲ್ಲಿ ಸುತ್ತಿ ಬೇಯಿಸಿದ ಸಿಹಿ ಅನ್ನ, ಮಾವಿನಹಣ್ಣು, ಮಾಂಸದ ಸಾರು. ಸಿಸ್ಟರ್ ಉಂಡರು, ಹೊಗಳಿದರು, ಕೈ ಒರೆಸಿಕೊಂಡು ಮೆಲ್ಲನೆ ಕೇಳಿದರು.

"ಪನ್ಫಿಲೊ, ನಾನು ಎಲ್ಲರ ಮನೇಲೂ ಕೇಳೋದು ಇದು. ಅಲ್ಲಿ ಇರೋವಾಗ ದೇವರು ನಿನ್ನ ಅಕ್ಕನ್ನ ಕರ್ಕೊಂಡ್ರೆ ನಾವು ಏನು ಮಾಡಬೇಕು?"

ಕೆಟ್ಟ ಮಾತು ತಗುಲದಿರಲೆಂದು ಸಲೋಮೆ ತಟ್ಟನೆ ಮೇಜಿನ ಮರವನ್ನು ಬೆರಳಿನಿಂದ ಮೂರು ಸಲ ಬಡಿದಳು. "ಸಿಸ್ಟರ್, ಇನ್ನೊಂದು ತಗೊಳ್ಳಿ, ಇದ್ರಲ್ಲಿ ತೆಂಗಿನಹಾಲು ಜಾಸ್ತಿ ಇದೆ."

"ತಗೋತೀನಮ್ಮ. ಪನ್ಫಿಲೊ?"

"ಸಿಸ್ಟರ್, ಮನಾಂಗ್ ನಮ್ಮೆಲ್ಲರನ್ನೂ ಹೂತು ಆಮೇಲೆ ಹೋಗೋಳು. ಅವಳ ಗಂಟಲು ನೋಡಿ, ಸಾವಿನ ದೂತನೂ ಹೆದರಿ ಓಡ್ತಾನೆ."

ನಾವೆಲ್ಲ ನಕ್ಕೆವು. ಸಿಸ್ಟರ್ ಕೂಡ ನಕ್ಕರು. ನಗು ಮುಗಿದ ಮೇಲೂ ಕಾದರು. ಅವರೂ ನಮ್ಮ ದ್ವೀಪದವರೇ. ಸಾವಿನ ಹೆಸರೆತ್ತಿದರೆ ಅದು ಬಾಗಿಲಿಗೆ ಬರುತ್ತದೆಂದು ನಂಬಿದ ಮನೆಯಲ್ಲೇ ಬೆಳೆದವರು.

"ಮಾವಿನಹಣ್ಣು ಈ ವರ್ಷ ಸಿಹಿ," ಎಂದಳು ಸಲೋಮೆ.

"ಹೌದು. ಆದ್ರೆ ನಾನು ಸುಳ್ಳು ಹೇಳೋಕಾಗಲ್ಲ," ಎಂದರು ಸಿಸ್ಟರ್. "ಆ ಬೆಟ್ಟದಿಂದ ದೇಹಾನ ಇಲ್ಲಿಗೆ ತರೋದು ಹೆಚ್ಚಿನ ಸಲ ಆಗೋ ಮಾತಲ್ಲ. ಅಲ್ಲೇ ಇಡಬೇಕಾಗುತ್ತೆ. ಅದಕ್ಕೆ ನಿಮ್ಮ ಮನಸ್ಸು ಒಪ್ಪುತ್ತಾ ಅಂತ ಈಗಲೇ ತಿಳೀಬೇಕು."

ಪನ್ಫಿಲೊನ ಮುಖದ ಬಣ್ಣ ಆಗ ಬದಲಾಯಿತು. ಪಾಪ, ಅವನಿಗೆ ಹೊರದೇಶವೆಂದರೆ ಹೋಗಿ ಬರುವ ಸ್ಥಳ. ಒಪ್ಪಂದ ಮುಗಿದೊಡನೆ ಪೆಟ್ಟಿಗೆ ಹೊತ್ತು ಮರಳುವ ಸ್ಥಳ. ಅಕ್ಕನನ್ನು ಪರೀಕ್ಷೆ ದಾಟಿಸುವ ಹುಮ್ಮಸ್ಸಿನಲ್ಲಿ ಅವಳು ಎಲ್ಲಿಗೆ ದಾಟುತ್ತಿದ್ದಾಳೆಂದು ಅವನು ಯೋಚಿಸಿರಲೇ ಇಲ್ಲ.

"ಇಲ್ಲ," ಎಂದು ಎದ್ದುನಿಂತ. "ಅಪ್ಪನಿಗೂ ಗುಂಡಿ ಇಲ್ಲ, ಇವಳಿಗೂ ಇಲ್ಲ ಅಂದ್ರೆ ನಾನು ಯಾರ ಹತ್ರ ಹೋಗಿ ಕೂರ್ಲಿ? ಮನಾಂಗ್, ನಂಗೆ ಯಾಕೆ ಹೇಳ್ಲಿಲ್ಲ? ಗೊತ್ತಿದ್ರೆ ನಿನ್ನ ಬಿಪಿ ಇಳಿಸ್ತಾ ಇದ್ನಾ ನಾನು? ಆ ಮಾತ್ರೆ ಕೊಡದೇ ಇದ್ದಿದ್ರೆ ನೀನು ಎಲ್ಲಿಗೂ ಹೋಗ್ತಿರ್ಲಿಲ್ಲ."

ಸಿಸ್ಟರ್ ಕೈಯಲ್ಲಿದ್ದ ತಿಂಡಿಯನ್ನು ತಟ್ಟೆಗೆ ಮರಳಿಸಿದರು.

"ಯಾವ ಮಾತ್ರೆ, ಬಸಿಲಿಸಾ?"

ಅಲ್ಲಿ ಒಂದು ನಗು ಸಾಕಿತ್ತು. ಇವನು ತಮಾಷೆ ಮಾಡುತ್ತಾನೆ ಸಿಸ್ಟರ್ ಎಂದಿದ್ದರೆ ನಾವೆಲ್ಲ ಹೌದೆನ್ನುತ್ತಿದ್ದೆವು, ಜೂನ್ ತಿಂಗಳಲ್ಲಿ ಅವಳು ವಿಮಾನ ಹತ್ತುತ್ತಿದ್ದಳು. ಬಸಿಲಿಸಾ ಮೇಜಿನ ಮೇಲಿನ ಎಲೆಚೂರುಗಳನ್ನು ಒಂದೆಡೆ ಗುಡ್ಡೆ ಮಾಡುತ್ತಿದ್ದಳು, ಮತ್ತೆ ಕೆದರುತ್ತಿದ್ದಳು. ದೇವರು ಮನುಷ್ಯನ ಮುಂದೆ ಬಂದು ನಿಲ್ಲುವುದು ಇಂಥ ಗಳಿಗೆಯಲ್ಲೇ, ಕಹಳೆ ಊದಿಸಿಕೊಂಡು ಅಲ್ಲ.

"ಸಲೋಮೆಯ ಅಮ್ಮನ ಮಾತ್ರೆ," ಎಂದಳು. "ಎರಡು ನುಂಗಿ ಹೋಗಿದ್ದೆ. ಇವತ್ತು ಬೆಳಿಗ್ಗೆ ಕೇಂದ್ರದಲ್ಲಿ ನಾನೇ ನೋಡ್ಕೊಂಡೆ. ಡಾಕ್ಟರಮ್ಮ ಮೊದಲ್ನೇ ಸಲ ನೋಡಿದ್ದಕ್ಕಿಂತ ಜಾಸ್ತಿನೇ ಇದೆ."

ಸಿಸ್ಟರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೋಪವಿಲ್ಲದೆ ಹೇಳಿದರು. "ನಿನ್ನನ್ನ ತಡೆಯೋಕೆ ಅಲ್ಲ ಕಣೇ ನಾವು ಕೇಳೋದು. ಹೆರಿಗೆಗೆ ಬಂದೋಳು ಮಂಚದ ಮೇಲೆ ನರಳ್ತಾ ಇರೋವಾಗ ನೀನು ಪಕ್ಕದಲ್ಲಿ ಬಿದ್ರೆ, ಅಲ್ಲಿರೋ ಒಬ್ಬಳೇ ಒಬ್ಬಳು ಸಹಾಯಕಿ ಯಾರನ್ನ ಎತ್ತಬೇಕು? ಮಾತ್ರೆ ತಗೊಳ್ಳೋದು ತಪ್ಪಲ್ಲ. ಬಚ್ಚಿಟ್ಟು ಬರೋದು ತಪ್ಪು."

ಜೂನ್ ತಂಡದಿಂದ ಅವಳ ಹೆಸರು ಹೋಯಿತು. ಮುಂದಿನ ತಂಡ ಹೊಸ ವರ್ಷದ ನಂತರ. ಅಷ್ಟರೊಳಗೆ ರಕ್ತದೊತ್ತಡ ಹಿಡಿತಕ್ಕೆ ಬರಬೇಕು, ಪನ್ಫಿಲೊನ ಉತ್ತರವೂ ಬರಬೇಕು.

ಬೀಳ್ಕೊಡುಗೆಯ ಊಟ ಉಂಡ ಊರಿನಲ್ಲೇ ಉಳಿದುಬಿಡುವುದು ಎಂಥ ಶಿಕ್ಷೆಯೆಂದು ನಾನು ಅವಳನ್ನು ನೋಡಿ ಅರಿತೆ. ಮೀನು ಮಾರುವವಳು ಬುಟ್ಟಿ ಇಳಿಸುತ್ತಲೇ, "ಅಯ್ಯೋ ಮನಾಂಗ್, ಇನ್ನೂ ಹೋಗಿಲ್ವಾ? ಹಾಗಾದ್ರೆ ನಾವು ತಿಂದ ಹಂದಿ ವಾಪಸ್ ಕೊಡಬೇಕಾ?" ಎನ್ನುವಳು. ಬಸಿಲಿಸಾ ನಕ್ಕು, "ನಿನ್ನ ಹೊಟ್ಟೆ ಕೊಯ್ದ್ರೆ ಅರ್ಧ ಹಂದಿ ಸಿಕ್ಕೀತು" ಎಂದು ಮುಂದೆ ನಡೆಯುವಳು. ತನ್ನ ಮಂಚವನ್ನೂ ಹೊಲಿಗೆ ಯಂತ್ರವನ್ನೂ ಆಗಲೇ ದಾನ ಮಾಡಿಬಿಟ್ಟಿದ್ದರಿಂದ ಚಾಪೆಯ ಮೇಲೆ ಮಲಗುತ್ತಿದ್ದಳು. ಬೆಳಕು ಹರಿಯುವಾಗ ಕಡಲ ದಂಡೆಯಲ್ಲಿ ನಡೆಯುವಳು, ಮರಳಿ ಬಂದು ಎಲ್ಲರೆದುರು ಮಾತ್ರೆ ನುಂಗುವಳು. ಹಗಲಲ್ಲಿ ಒರೆಸಿದ ನೆಲವನ್ನೇ ಮತ್ತೆ ಒರೆಸುವಳು.

ಒಂದು ದಿನ ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ನನ್ನ ಬಳಿ ಬಂದು ನಿಂತಳು. ಕೂರು ಎಂದೆ. ಕೂರಲಿಲ್ಲ.

"ಮನೊಂಗ್ ಸೆಬ್ಯೊ," ಎಂದಳು, ಹಿರಿಯಣ್ಣನನ್ನು ಕರೆಯುವಂತೆ. "ದೇವರು ಕರೀತಾ ಇದಾನೋ, ಇಲ್ಲಾ ನಂಗೆ ಒಂದು ಕಡೆ ನಿಲ್ಲೋಕಾಗಲ್ಲ ಅಂತ ಓಡ್ತಾ ಇದೀನೋ, ಹೇಗೆ ಗೊತ್ತಾಗೋದು?"

"ಎರಡೂ ಇರಬಹುದಲ್ಲ ತಾಯಿ."

"ಸಿಸ್ಟರ್ ಹೇಳ್ತಾರೆ, ಇಲ್ಲಿ ನಿಲ್ಲೋಕಾಗದೆ ಇದ್ರೆ ಅಲ್ಲೂ ನಿಲ್ಲೋಕಾಗಲ್ಲ ಅಂತ. ದಿನಾ ಸ್ವಲ್ಪ ಹೊತ್ತು ಏನೂ ಮಾಡದೆ ಕೂರಬೇಕಂತೆ. ನಿನ್ನೆ ಕೂತೆ. ಗೋಡೇಲಿ ಬಿರುಕು ಕಾಣಿಸ್ತು. ಎದ್ದು ಸಿಮೆಂಟ್ ಕಲಸಿದೆ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅಕ್ಕತಮ್ಮಂದಿರ ನಡುವೆ ಮಾತು ನಿಂತಿತ್ತೆಂಬುದೇ ಅವಳನ್ನು ಒಳಗೊಳಗೆ ತಿನ್ನುತ್ತಿತ್ತು. ಪನ್ಫಿಲೊ ರಜೆ ಮುಂದುವರಿಸಿ ಊರಿನಲ್ಲೇ ಉಳಿದಿದ್ದ. ಸಲೋಮೆ ಬಸಿಲಿಸಾಳಿಗಾಗಿ ಉಪ್ಪು ಕಡಿಮೆ ಹಾಕಿ ಮಾಡಿದ್ದನ್ನೇ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದ. ಹಡಗಿನ ಅಡುಗೆಯವನ ನಾಲಿಗೆಗೆ ಅದು ಸಣ್ಣ ತ್ಯಾಗವಲ್ಲ. ಆದರೆ ಅಕ್ಕ ಎದುರು ಬಂದರೆ ಬಲೆಯನ್ನೋ ಹಗ್ಗವನ್ನೋ ಎತ್ತಿಕೊಂಡು ಹಿತ್ತಲಿಗೆ ಹೋಗುವನು.

ಹೀಗೆ ನವೆಂಬರ್ ಬಂತು, ಸಕಲ ಮೃತರ ದಿನ ಬಂತು. ನಮ್ಮ ಸ್ಮಶಾನದ ನಡುವೆ ಒಂದು ದೊಡ್ಡ ಶಿಲುಬೆಯಿದೆ. ದೂರದೇಶದಲ್ಲಿ ಹೂತವರಿಗೆ, ಕಡಲು ಕೊಂಡುಹೋದವರಿಗೆ, ಗುರುತು ಸಿಗದ ಎಲ್ಲರಿಗೆ ಅದರ ಬುಡದಲ್ಲೇ ಮೇಣದಬತ್ತಿ ಹಚ್ಚುವುದು. ಉಳಿದವರು ತಮ್ಮತಮ್ಮ ಸಮಾಧಿಗಳ ಮೇಲೆ ಊಟ ಹರಡಿಕೊಂಡು, ಇಸ್ಪೀಟು ಆಡಿಕೊಂಡು ಹಗಲೆಲ್ಲ ಕೂರುತ್ತಾರೆ. ಶಿಲುಬೆಯ ಬಳಿ ಬಂದವರಿಗೆ ಕೂರಲು ಜಾಗವಿಲ್ಲ. ಹಚ್ಚುತ್ತಾರೆ, ನಿಲ್ಲುತ್ತಾರೆ, ಹಿಂದಿನವರು ನೂಕಿದಾಗ ಸರಿಯುತ್ತಾರೆ.

ಆ ನೂಕುನುಗ್ಗಲಿನಲ್ಲಿ ಬಸಿಲಿಸಾ ತಮ್ಮನ ಅಂಗಿಯನ್ನು ಹಿಡಿದು ನಿಲ್ಲಿಸಿದಳು. ನಾನು ಪಕ್ಕದಲ್ಲೇ ಇದ್ದೆ.

"ತೋತೋ," ಎಂದಳು. ಅವನು ಕೂಸಾಗಿದ್ದಾಗ ಕರೆಯುತ್ತಿದ್ದ ಹೆಸರು. "ನೀನು ಬೇಡ ಅಂದ್ರೆ ನಾನು ಹೋಗಲ್ಲ. ಆದ್ರೆ ಬೇಡ ಅಂತಾನಾದ್ರೂ ಬಾಯಿಬಿಟ್ಟು ಹೇಳು. ಹೀಗೆ ಬಲೆ ಹೊತ್ಕೊಂಡು ತಿರುಗಬೇಡ."

"ಬೇಡ ಅಂದ್ರೆ ನೀನು ಇಡೀ ಊರಿನ ಗೋಡೆಗೆಲ್ಲ ಸಿಮೆಂಟ್ ಮೆತ್ತುತ್ತೀಯ."

"ಮೆತ್ತುತ್ತೀನಿ. ನೀನು ಹೇಳು."

ಅವನು ಮೇಣ ಸುರಿಯುತ್ತಿದ್ದ ಬತ್ತಿಯನ್ನು ನೆಟ್ಟಗೆ ಮಾಡಿದ. ಅದು ಮತ್ತೆ ವಾಲಿತು. "ಅಪ್ಪನ್ನ ಯಾರೂ ತೊಳೀಲಿಲ್ಲ ಮನಾಂಗ್," ಎಂದ. "ಯಾರೂ ಒಳ್ಳೆ ಬಟ್ಟೆ ಹಾಕ್ಲಿಲ್ಲ. ತಲೆ ಬಾಚ್ಲಿಲ್ಲ. ಹಡಗಿನಲ್ಲಿ ನೀರು ನೋಡ್ದಾಗೆಲ್ಲ ನಂಗೆ ಅದೇ ಬರುತ್ತೆ. ಎಲ್ಲಿ ಇಡ್ತಾರೆ ಅನ್ನೋದಲ್ಲ. ಅಲ್ಲಿ ನಿನ್ನನ್ನ ತೊಳೆಯೋರು ಯಾರು?"

ಗೊತ್ತಿಲ್ಲವೆಂದೇ ಬಸಿಲಿಸಾ ಹೇಳಿದಳು. ನನ್ನತ್ತ ನೋಡಿದರು, ಇಷ್ಟು ವರ್ಷ ಪುನರುತ್ಥಾನದ ಬಗ್ಗೆ ಉಪದೇಶ ಹೇಳಿದ ನನಗೂ ಗೊತ್ತಿರಲಿಲ್ಲ. ಆಗ ಪನ್ಫಿಲೊ ಜೇಬಿನಿಂದ ಫೋನು ತೆಗೆದ. ಗದ್ದಲದ ನಡುವೆ, ಒಂದು ಕಿವಿ ಮುಚ್ಚಿಕೊಂಡು, ಸಿಸ್ಟರ್ ಎಮೆರಿತಾ ಅವರಿಗೆ ಆ ಪ್ರಶ್ನೆಯನ್ನೇ ಕೇಳಿದ. ಎಲ್ಲರಿಗೂ ಕೇಳಲೆಂದು ಸದ್ದು ಹೆಚ್ಚಿಸಿದ.

"ಅಲ್ಲಿನ ಹೆಂಗಸರು ತೊಳೀತಾರಪ್ಪ," ಎಂದಿತು ಸಿಸ್ಟರ್ ದನಿ. "ನನ್ನ ಜೊತೆಗಿದ್ದ ಒಬ್ಬಳು ಅಲ್ಲೇ ತೀರಿಕೊಂಡ್ಲು. ಅವಳು ಹೆರಿಗೆ ಮಾಡಿಸಿದ್ದ ತಾಯಂದಿರು ಬೆಟ್ಟದಿಂದ ಇಳಿದು ಬಂದ್ರು. ನನ್ನನ್ನ ಹತ್ರಾನೂ ಬಿಡ್ಲಿಲ್ಲ. ಅವರೇ ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಉಡಿಸಿದ್ರು. ಆಮೇಲೆ ಮೈಗೆ ಮಣ್ಣು ಬಳ್ಕೊಂಡು ದಿನಗಟ್ಟಲೆ ಕೂತು ಅತ್ರು. ನಿನ್ನ ಅಕ್ಕನಿಗೆ ಏನೂ ಆಗದೆ ಇರ್ಲಿ. ಆದ್ರೆ ಅವಳು ಅಲ್ಲಿ ಒಂಟಿಯಾಗಿ ಹೋಗಲ್ಲ. ಅದನ್ನ ನಾನು ಕಣ್ಣಾರೆ ನೋಡಿದೀನಿ."

ಹಿಂದಿನವರು ನೂಕುತ್ತಿದ್ದರು. ಯಾರೋ "ಫೋನು ಮಾತಾಡೋಕೆ ಇದೇ ಜಾಗ ಬೇಕಿತ್ತಾ" ಎಂದು ಗೊಣಗಿದರು. ಪನ್ಫಿಲೊ ಅಲುಗಲಿಲ್ಲ.

"ಸಿಸ್ಟರ್, ಹಾಗಾದ್ರೆ ಅಲ್ಲೇ ಇಡಿ," ಎಂದ. "ಆದ್ರೆ ಮೊದ್ಲು ಬದುಕಿಸೋಕೆ ನೋಡಿ. ಮಾತ್ರೆ ನುಂಗಿದ್ಲಾ ಅಂತ ದಿನಾ ಕೇಳೋಕೆ ಯಾರನ್ನಾದ್ರೂ ಇಡಿ. ಇವಳು ಸುಳ್ಳಿ."

ಬಸಿಲಿಸಾ ಅಲ್ಲೇ, ಜನರ ಕಾಲುಗಳ ನಡುವೆ, ಮೇಣ ಹೆಪ್ಪುಗಟ್ಟಿದ ನೆಲದ ಮೇಲೆ ಕುಳಿತುಬಿಟ್ಟಳು. ಅವಳಿಗೆ ಏಳು ಎಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಜನ ಬಳಸಿಕೊಂಡು ಹೋದರು.

ಜನವರಿಯಲ್ಲಿ ಅಕ್ಕತಮ್ಮಂದಿರು ಜೊತೆಯಾಗಿಯೇ ಡಾಕ್ಟರಮ್ಮನ ಬಳಿ ಹೋದರು. ನುಂಗಿದ ಮಾತ್ರೆಯ ಕತೆಯನ್ನೆಲ್ಲ ಅವಳೇ ಹೇಳಿದಳು. ಬೈಗುಳ ಇಬ್ಬರಿಗೂ ಸಮನಾಗಿ ಬಿತ್ತು. ಒತ್ತಡ ಹಿಡಿತದಲ್ಲಿತ್ತು. ಮಾತ್ರೆಯನ್ನು ಜೀವಮಾನವಿಡೀ ಬಿಡಕೂಡದು, ಅಲ್ಲಿಯೂ ತಿಂಗಳಿಗೊಮ್ಮೆ ನೋಡಿಸಿ ತಿಳಿಸಬೇಕು ಎಂಬ ಷರತ್ತಿನ ಮೇಲೆ ಸಹಿಯಾಯಿತು.

ಅವಳು ಹೊರಟ ಬೆಳಿಗ್ಗೆ ಎರಡನೆಯ ಸಲ ಹಂದಿ ಕಡಿಸಲಿಲ್ಲ. ಬಸ್ಸಿನ ಬಳಿ ನಾಲ್ಕೇ ಜನ ನಿಂತೆವು. ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಗೆ ತೊಡಗಿದೆ. ಅವಳಿಗೆ ನೆಮ್ಮದಿ ಕೊಡು ಎಂದು ಬೇಡಲು ಹೊರಟವನು ತಡೆದುಕೊಂಡೆ. ಪ್ರಭುವೇ, ಈ ತಳಮಳವನ್ನೇ ಬಳಸಿಕೋ ಎಂದೆ. ನನ್ನ ಅಂಗೈಯ ಕೆಳಗೆ ಅವಳ ತಲೆ ಆಗಲೇ ಬಸ್ಸಿನತ್ತ ತಿರುಗುತ್ತಿತ್ತು.

"ಇವತ್ತಿಂದು ನುಂಗಿದ್ಯಾ?" ಎಂದು ಕೇಳಿದ ಪನ್ಫಿಲೊ, ಚೀಲವನ್ನು ಮೇಲೆ ಎತ್ತಿಕೊಡುತ್ತಾ.

"ಬೆಳಿಗ್ಗೇನೇ ನುಂಗಿದೆ."

"ಎಲ್ಲಿ, ಮಾತ್ರೇದು ಖಾಲಿ ಪಟ್ಟಿ ತೋರ್ಸು."

ಅವಳು ಬೈಯುತ್ತಲೇ ತೋರಿಸಿದಳು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಜೇಬಿಗೆ ಹಾಕಿಕೊಂಡ. ಬಸ್ಸು ಹೊರಟಿತು.